ಬಣವೆಗೆ ಬೆಂಕಿ ಬಿದ್ದು ಫೈರ್ ಇಂಜಿನ್ ಬರೋಕೆ 50 ನಿಮಿಷ ಆಯ್ತು, ತಪ್ಪು ಯಾರ್ದು?

ಕೊಬ್ರಿನಾಡು · ರಾತ್ರಿ 8:40
ಎಲ್ರಿಗೂ ನಮಸ್ಕಾರ. ನಮ್ದು ತುಮಕೂರು ಜಿಲ್ಲೆ, ತಾಲ್ಲೂಕು ಕೇಂದ್ರದಿಂದ 22 ಕಿಲೋಮೀಟರ್ ಒಳಗೆ ಒಂದು ಹಳ್ಳಿ. ಹೋದ ಮಂಗಳವಾರ ಮಧ್ಯಾಹ್ನ ಒಂದೂವರೆ ಹೊತ್ತಿಗೆ ನಮ್ಮ ರಾಗಿಹುಲ್ಲಿನ ಬಣವೆ ಪೂರಾ ಸುಟ್ಟೋಯ್ತು. ಯಾರೋ ಕೆಳಗಿನ ಹೊಲದಲ್ಲಿ ಬದುವಿನ ಒಣಹುಲ್ಲಿಗೆ ಕಡ್ಡಿ ಗೀರಿದ್ರು, ಗಾಳಿ ಎದ್ದಿತ್ತು, ಬದು ಹಿಡ್ಕೊಂಡು ಬಂದ ಬೆಂಕಿ ಸೀದಾ ಕಣಕ್ಕೇ ಬಂತು. ಎರಡು ಹಸ, ಒಂದು ಜೊತೆ ಎತ್ತು, ಮುಂದಿನ ಮಳೆಗಾಲದ ತನಕ ಅದೇ ಮೇವು. ಅಪ್ಪ ಕೊಟ್ಟಿಗೆಯಿಂದ ದನಗಳ ಹಗ್ಗ ಕುಯ್ದು ಬಿಟ್ರು, ಅದೊಂದು ಪುಣ್ಯ.

ಬೆಂಕಿ ಕಂಡ ತಕ್ಷಣ ಫೋನ್ ಮಾಡಿದ್ದೀವಿ, ಕಾಲ್ ಲಾಗ್‌ನಲ್ಲಿ 1:34 ಅಂತ ಇದೆ. ಗಾಡಿ ಬಂದಿದ್ದು 2:24ಕ್ಕೆ. ಕೇಳಿದ್ರೆ ನಮ್ಮೂರ ಹೆಸರಿಂದೇ ಇನ್ನೊಂದು ಊರು ಪಕ್ಕದ ಹೋಬಳಿಯಲ್ಲಿದೆ, ಮೊದ್ಲು ಅಲ್ಲಿಗೆ ಹೋಗಿ ವಾಪಸ್ ಬಂದ್ವಿ ಅಂದ್ರು. ಬಂದ ನೀರು ಹತ್ತು ನಿಮಿಷಕ್ಕೆ ಖಾಲಿ. ಮತ್ತೆ ಕೆರೆಗೆ ಹೋಗಿ ತುಂಬ್ಕೊಂಡು ಬರೋ ಅಷ್ಟರಲ್ಲಿ ಬಣವೆ ಕೆಂಡದ ಗುಡ್ಡೆ ಆಗಿತ್ತು.

ಸಿಟ್ಟು ಇನ್ನೂ ಇಳಿದಿಲ್ಲ. ತಪ್ಪು ಯಾರ್ದು? ದೂರು ಕೊಟ್ರೆ ಏನಾದ್ರೂ ಪ್ರಯೋಜನ ಇದ್ಯಾ? ಪರಿಹಾರ ಸಿಗುತ್ತಾ? ಗೊತ್ತಿರೋರು ಹೇಳಿ.

ಮಂಡ್ಯಬೆಲ್ಲ · 8:46
ದೂರು ಕೊಡಿ ಸಾರ್. ಸುಮ್ನೆ ಬಿಡ್ಬೇಡಿ. 22 ಕಿಲೋಮೀಟರ್‌ಗೆ 50 ನಿಮಿಷ ಅಂದ್ರೆ ಏನರ್ಥ. ಎಲ್ಲಾ ಕಡೆ ಇದೇ ಹಣೆಬರಹ, ಸುಟ್ಟು ಬೂದಿ ಆದ್ಮೇಲೆ ಗಂಟೆ ಬಾರಿಸ್ಕೊಂಡು ಬರ್ತಾರೆ.

ಜೋಳದರೊಟ್ಟಿ · 8:51
ನಮ್ ಕಡೆ ಗದಗ ಜಿಲ್ಲಾದಾಗೂ ಇದ ಕಥಿರಿ. ಕಣಕಿ (ಜೋಳದ ದಂಟು) ಬಣವಿಗೆ ಬೆಂಕಿ ಹತ್ತಿದ್ರ ಗಾಡಿ ಬರೂದ್ರಾಗ ಎಲ್ಲಾ ಮುಗದಿರ್ತೈತಿ. ಆದ್ರ ಒಂದ್ ಮಾತ್ ಹೇಳ್ತೇನಿ, ಬಂದ ಮಂದಿ ಮ್ಯಾಲೆ ಸಿಟ್ಟ ಮಾಡಬ್ಯಾಡ್ರಿ. ಹೋದ ವರ್ಷ ನಮ್ಮೂರಾಗ ಬಂದವ್ರು ಮಧ್ಯಾಹ್ನ ಉಂಡಿರಲಿಲ್ಲ, ರಾತ್ರಿ ಹನ್ನೊಂದರ ತನಕ ಬಣವಿ ಬಿಚ್ಚಿ ಬಿಚ್ಚಿ ನೀರ್ ಹೊಡದ್ರು. ನಮ್ಮವ್ವ ರೊಟ್ಟಿ ಪಲ್ಯ ಮಾಡಿ ಕೊಟ್ರ ನಿಂತ್ಕೊಂಡ ತಿಂದ್ರು.

ನಿವೃತ್ತ ಠಾಣೆ · 9:05
ನಾನು ಇಲಾಖೆಯಲ್ಲಿ 31 ವರ್ಷ ಇದ್ದು ನಿವೃತ್ತಿ ಆದವನು, ಫೈರ್‌ಮ್ಯಾನ್ ಆಗಿ ಸೇರಿ ಠಾಣಾಧಿಕಾರಿ ಆಗಿ ಹೊರಗೆ ಬಂದೆ. ಕೊಬ್ರಿನಾಡು ಅವರೇ, ನಿಮ್ಮ ನೋವು ಗೊತ್ತಾಗುತ್ತೆ, ಬಣವೆ ಅಂದ್ರೆ ಬರೀ ಹುಲ್ಲಲ್ಲ. ದೂರು ಕೊಡೋದು ನಿಮ್ಮ ಹಕ್ಕು, ಕೊಡಿ. ಆದ್ರೆ ಎಲ್ಲಿ ಎಷ್ಟು ಹೊತ್ತು ಹೋಯ್ತು ಅಂತ ಬಿಡಿಸಿ ನೋಡೋಣ, ಯಾಕಂದ್ರೆ ನಾಳೆ ನಿಮ್ಮ ಪಕ್ಕದ ಮನೆಯ ಬಣವೆ ಉಳೀಬೇಕಲ್ಲ.

ಠಾಣೆಯಲ್ಲಿ ಕಾಲ್ ಬಂದು ಬೆಲ್ ಹೊಡೆದ್ರೆ ಒಂದು ನಿಮಿಷದೊಳಗೆ ಗಾಡಿ ಗೇಟು ದಾಟಬೇಕು, ಅದಕ್ಕೇ ಬೂಟು ಪ್ಯಾಂಟು ಹೇಗೆ ಇಟ್ಕೋಬೇಕು ಅನ್ನೋದನ್ನೂ ತರಬೇತಿಯಲ್ಲಿ ಕಲಿಸ್ತಾರೆ. ಹೊತ್ತು ಹೋಗೋದು ಅಲ್ಲಲ್ಲ, ದಾರಿಯಲ್ಲಿ ಮತ್ತೆ ವಿಳಾಸದಲ್ಲಿ. ಫೋನ್ ಮಾಡಿದೋರು ಗಾಬರಿಯಲ್ಲಿ "ಹೊಸಹಳ್ಳಿ, ಬೇಗ ಬನ್ನಿ" ಅಂದು ಕಟ್ ಮಾಡ್ತಾರೆ. ಹೊಸಹಳ್ಳಿ ಇಲ್ದಿರೋ ತಾಲ್ಲೂಕು ಕರ್ನಾಟಕದಲ್ಲಿ ಯಾವುದಿದೆ ಹೇಳಿ. ಹಿಂದೆ ಠಾಣೆಯ ಲ್ಯಾಂಡ್‌ಲೈನ್‌ಗೆ ಫೋನ್ ಬರ್ತಿತ್ತು, ಎತ್ತಿದವನಿಗೆ ಸುತ್ತಿನ ಊರೆಲ್ಲ ಬಾಯಲ್ಲಿ ಇರ್ತಿತ್ತು. ಈಗ 112ಕ್ಕೆ ಮಾಡಿದ್ರೆ ಕಂಟ್ರೋಲ್ ರೂಮ್‌ನಲ್ಲಿ ಎತ್ತೋರಿಗೆ ನಿಮ್ಮ ಹಳ್ಳಿ ಕಂಡು ಗೊತ್ತಿರಲ್ಲ. ಹಾಗಾಗಿ ಜಿಲ್ಲೆ, ತಾಲ್ಲೂಕು, ಹೋಬಳಿ, ಊರು, ಆಮೇಲೆ ಒಂದು ಗುರುತು (ಡೈರಿ, ಶಾಲೆ, ದೇವಸ್ಥಾನ), ಏನು ಸುಡ್ತಿದೆ, ಒಳಗೆ ಜನ ದನ ಇದ್ಯಾ, ಇಷ್ಟು ಹೇಳಿ. ಅವರು ಫೋನ್ ಇಡೋ ತನಕ ನೀವು ಇಡ್ಬೇಡಿ. ಮುಖ್ಯವಾದ ಇನ್ನೊಂದು, ಒಬ್ಬ ಹುಡುಗನ್ನ ಬೈಕಲ್ಲಿ ಮೇನ್ ರೋಡಿಗೆ ಕಳಿಸಿ ನಿಲ್ಲಿಸಿ.

ನೀರಿನ ವಿಷಯ. ಮಾಮೂಲಿ ವಾಟರ್ ಟೆಂಡರ್‌ನಲ್ಲಿ ಹಿಡಿಯೋದು ಹೆಚ್ಚುಕಮ್ಮಿ 4500 ಲೀಟರ್. ಒಂದು ಹೋಸ್ ಲೈನ್ ಪೂರ್ತಿ ಬಿಟ್ರೆ ಹತ್ತು ನಿಮಿಷವೇ ಲೆಕ್ಕ. ಅವರು ನೀರು ಕಮ್ಮಿ ತಂದಿದ್ದಲ್ಲ, ಗಾಡಿ ಹೊರೋದೇ ಅಷ್ಟು.

ಕೊಬ್ರಿನಾಡು · 9:14
ಸಾರ್ ನೀವು ಹೇಳಿದ್ದು ಸರಿ ಇರಬಹುದು. ಫೋನ್ ಮಾಡಿದ್ದು ನನ್ನ ತಮ್ಮ. ಹೋಬಳಿ ಹೇಳ್ಲಿಲ್ಲ ಅಂತ ಈಗ ಒಪ್ಕೊಂಡ. ಆದ್ರೆ ನಮ್ಮ ಮನೆ ಹಿಂದೇನೇ ಬಾವಿ ಇತ್ತು, ಅದರಲ್ಲಿ ನೀರೂ ಇತ್ತು. ಪೈಪ್ ಬಿಟ್ಟು ಎಳೀರಿ ಅಂದ್ರೆ ಆಗಲ್ಲ ಅಂದ್ರು. ಕೆರೆಗೇ ಹೋದ್ರು. ಇದು ಸೋಮಾರಿತನ ಅಲ್ವಾ?

ನಿವೃತ್ತ ಠಾಣೆ · 9:22
ನೀರು ಎಷ್ಟು ಆಳದಲ್ಲಿತ್ತು?

ಕೊಬ್ರಿನಾಡು · 9:23
ನಲವತ್ತು ಅಡಿ ಇರಬಹುದು.

ನಿವೃತ್ತ ಠಾಣೆ · 9:31
ಹಾಗಾದ್ರೆ ಅವರು ಹೇಳಿದ್ದು ನಿಜ. ಗಾಡಿಯ ಪಂಪು ಮೇಲೆ ನಿಂತು ಸಕ್ಷನ್ ಪೈಪಲ್ಲಿ ನೀರು ಎಳೆಯೋದು, ನಿಮ್ಮ ಬೋರ್‌ವೆಲ್ ಮೋಟ್ರು ಥರ ಒಳಗೆ ಕೂತು ಮೇಲಕ್ಕೆ ತಳ್ಳೋದಲ್ಲ. ಮೇಲಿಂದ ಎಳೆಯೋ ಯಾವ ಪಂಪಿಗೂ 20-25 ಅಡಿ ಮೇಲೆ ಸಾಧ್ಯ ಆಗಲ್ಲ, ಅದು ಗಾಳಿಯ ಒತ್ತಡದ ಮಿತಿ, ಎಷ್ಟು ದೊಡ್ಡ ಇಂಜಿನ್ ಹಾಕಿದ್ರೂ ಅಷ್ಟೇ. ಕೆರೆ, ಕೃಷಿ ಹೊಂಡ, ತುಂಬಿದ ಸಂಪು ಇವೇ ನಮಗೆ ದೇವರು. ಕೃಷಿಭಾಗ್ಯ ಯೋಜನೆಯಲ್ಲಿ ಹೊಂಡ ತೆಗೆಸಿದೋರ ಹೊಲದಲ್ಲಿ ಎಷ್ಟೋ ಸಲ ನಮಗೆ ಅನುಕೂಲ ಆಗಿದೆ.

ಖಾಲಿಸೈಟು · 9:35
ಬೋರ್ ಆನ್ ಮಾಡ್ಬಹುದಿತ್ತಲ್ಲ?

ಕೊಬ್ರಿನಾಡು · 9:37
ಮಧ್ಯಾಹ್ನ ತ್ರೀ ಫೇಸ್ ಇರ್ಲಿಲ್ಲ ಅಣ್ಣ. ನಮ್ಮ ಲೈನಿಗೆ ಆ ವಾರ ರಾತ್ರಿ ಪಾಳಿ. ಲೈನ್‌ಮ್ಯಾನ್‌ಗೆ ಫೋನ್ ಮಾಡಿದ್ವಿ, ಬೆಂಕಿ ಮೇಲೆ ವೈರ್ ಇದೆ ಅಂತ ಇರೋ ಸಿಂಗಲ್ ಫೇಸನ್ನೂ ತೆಗೆದ್ರು.

ಮಂಡ್ಯಬೆಲ್ಲ · 9:40
ತೆಗೆದಿದ್ದು ಒಳ್ಳೇದಾಯ್ತು ಬಿಡಿ. ಕರೆಂಟ್ ಇರೋ ವೈರು ಬಿದ್ದ ಜಾಗದಲ್ಲಿ ನೀರು ಹಾಕಿದ್ರೆ ಜನಾನೂ ಹೋಗ್ತಿದ್ರು.

ಜೋಳದರೊಟ್ಟಿ · 9:48
ವೈರ್ ಅಂದ ಕೂಡ್ಲೆ ನೆನಪಾತು. ನಮ್ಮಲ್ಲಿ ಅರ್ಧಕ್ಕರ್ಧ ಬೆಂಕಿ ಇದರಿಂದನ ಹತ್ತೂದು. ಟ್ರ್ಯಾಕ್ಟರ್ ಟ್ರೇಲರ್‌ಗೆ ಎರಡಾಳ ಎತ್ತರ ಹೊಟ್ಟು ಇಲ್ಲಾ ಕಣಕಿ ಹೇರ್ತಾರ, ಊರ ಒಳಗ ವೈರ್ ಜೋತ ಬಿದ್ದಿರ್ತಾವ, ಒಂದ್ ಕಿಡಿ ಸಾಕು. ಎರಡ ವರ್ಷದ ಹಿಂದ ನಮ್ಮ ಓಣ್ಯಾಗ ಹಂಗ ಹತ್ತಿತ್ತು. ಡ್ರೈವರ್ ಹುಡುಗ ಇಪ್ಪತ್ತರಾವ ಇರಬೇಕು, ಹಿಂದ ಭುಗಿಭುಗಿ ಉರಿಯಾಕತ್ತಿದ್ರೂ ಗಾಡಿ ಬಿಟ್ಟ ಓಡಲಿಲ್ಲ, ಎರಡೂ ಕಡೆ ಮನಿ ಅದಾವು ಅಂತ ಹಂಗ ಹೊಡ್ಕೊಂಡ ಹೋಗಿ ಊರ ಹೊರಗ ಬಯಲಾಗ ನಿಲ್ಲಿಸಿ ಪಿನ್ ಕಿತ್ತು ಟ್ರ್ಯಾಕ್ಟರ್ ಬ್ಯಾರೆ ಮಾಡಿದ. ಟ್ರೇಲರ್ ಸುಟ್ಟ ಹೋತು, ಓಣಿ ಉಳೀತು. ಅವನ ಬೆನ್ನಿಗೆ ಬೊಬ್ಬಿ ಎದ್ದಿದ್ವು. ಈಗೂ ಅವನ್ನ ಕಂಡ್ರ ನಮ್ಮ ಓಣಿ ಹೆಣ್ಮಕ್ಕಳು ನಿಲ್ಲಿಸಿ ಮಾತಾಡ್ಸತಾರ.

ಸುಗ್ಗಿ · 9:55
ಇದಕ್ಕೆ ಇನ್ನೊಂದು ಸೇರಿಸಿ, ರಸ್ತೆ ಮೇಲೆ ಹುರುಳಿ ಹರಡೋದು. ಗಾಡಿ ಓಡಾಡಿ ಕಾಳು ಉದುರ್ಲಿ ಅಂತ ಹಾಕ್ತಾರೆ, ಹುರುಳಿ ಬಳ್ಳಿ ಕಾರಿನ ಅಡಿಗೆ ಸುತ್ಕೊಂಡು ಸೈಲೆನ್ಸರ್ ಬಿಸಿಗೆ ಹತ್ಕೊಳುತ್ತೆ. ನಮ್ಮ ಭಾವನ ಕಾರು ಹಂಗೇ ಹೋಯ್ತು, ಐದು ನಿಮಿಷ. ಹೊಗೆ ವಾಸನೆ ಬಂತು ಅಂತ ನಿಲ್ಲಿಸಿ ಇಳಿದಿದ್ದಕ್ಕೆ ಜೀವ ಉಳೀತು.

ಖಾಲಿಸೈಟು · 9:57
ರೈತರು ಕಣ ಎಲ್ಲಿ ಮಾಡ್ಬೇಕು ಹಾಗಾದ್ರೆ? ಊರಲ್ಲಿ ಒಂದು ಕಣ ಉಳಿಸಿದ್ದಾರಾ? ಎಲ್ಲಾ ಸೈಟ್ ಮಾಡಿ ಮಾರಿದ್ದಾರೆ.

ಸುಗ್ಗಿ · 9:59
ಅದು ಸರಿ ಅಣ್ಣ, ನಾನೂ ರೈತನ ಮಗಳೇ. ಆದ್ರೆ ಫೈರ್ ಇಂಜಿನ್ ಬರೋ ರಸ್ತೇಲೂ ಹುರುಳಿ ಇದ್ರೆ ಅದರ ಅಡಿಗೂ ಸುತ್ಕೊಳುತ್ತೆ ತಾನೇ. ಪಂಚಾಯ್ತಿಗಳು ಒಕ್ಕಣೆ ಕಣ ಮಾಡಿಕೊಡ್ಬೇಕು, ಒಪ್ತೀನಿ.

ಬೆಂಗ್ಳೂರ್ ಬಾಲ್ಕನಿ · 10:08
ಹಳ್ಳಿ ಕಡೆ ದೂರದ ಸಮಸ್ಯೆ, ನಮ್ಮಲ್ಲಿ ಹತ್ತಿರದಲ್ಲೇ ಠಾಣೆ ಇದ್ರೂ ಸಮಸ್ಯೆ. ನಾನು ನಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಕಮಿಟಿಯಲ್ಲಿದೀನಿ. ಹೋದ ತಿಂಗಳು ಫೈರ್ ಸಿಸ್ಟಂ ನೋಡೋಣ ಅಂತ ಒಂದು ಭಾನುವಾರ ಮೇಲಿಂದ ಕೆಳಗೆ ನಡೆದೆ. ಒಂಬತ್ತನೇ ಫ್ಲೋರಿನ ಫೈರ್ ಡೋರಿಗೆ ಇಟ್ಟಿಗೆ ಕೊಟ್ಟು ತೆರೆದಿಟ್ಟಿದಾರೆ, ಗಾಳಿ ಬರ್ಲಿ ಅಂತ. ಮೆಟ್ಟಿಲಲ್ಲಿ ಸೈಕಲ್, ಶೂ ರ‍್ಯಾಕ್, ಹಳೇ ಹಾಸಿಗೆ. ಹೋಸ್ ಬಾಕ್ಸ್ ತೆಗೆದ್ರೆ ಪೈಪ್ ಇದೆ, ಹಿತ್ತಾಳೆ ನಾಜಲ್ ಇಲ್ಲ, ಯಾರೋ ಗುಜರಿಗೆ ಹಾಕಿದ್ದಾರೆ. ಕೆಳಗೆ ಪಂಪ್ ರೂಮಲ್ಲಿ ಸ್ವಿಚ್ಚು ಆಟೋದಲ್ಲಿ ಇರಬೇಕಾದ್ದು ಮ್ಯಾನ್ಯುವಲ್‌ಗೆ ಹಾಕಿದ್ರು. ಯಾಕಪ್ಪಾ ಅಂದ್ರೆ, ಸ್ಪ್ರಿಂಕ್ಲರ್ ಲೈನು ಒಂದ್ಕಡೆ ಸೋರುತ್ತೆ ಸಾರ್, ಆಟೋದಲ್ಲಿಟ್ರೆ ಪದೇ ಪದೇ ಪಂಪ್ ಆನ್ ಆಗುತ್ತೆ ಅಂದ. ಅಂದ್ರೆ ಬೆಂಕಿ ಬಿದ್ರೆ ಯಾರಾದ್ರೂ ಹೊಗೆಯಲ್ಲಿ ಬೇಸ್‌ಮೆಂಟಿಗೆ ಇಳಿದು ಸ್ವಿಚ್ ಹಾಕ್ಬೇಕು.

2010ರ ಫೆಬ್ರವರಿ 23, ಹಳೇ ಏರ್‌ಪೋರ್ಟ್ ರೋಡಿನ ಕಾರ್ಲ್ಟನ್ ಟವರ್ಸ್ ನೆನಪಿದ್ಯಾ? ಒಂಬತ್ತು ಜನ ಹೋದ್ರು. ಎಲೆಕ್ಟ್ರಿಕಲ್ ಡಕ್ಟಲ್ಲಿ ಶುರುವಾದ ಬೆಂಕಿ, ಹೊಗೆ ಮೇಲಿನ ಫ್ಲೋರುಗಳಿಗೆಲ್ಲ ತುಂಬ್ಕೊಳ್ತು, ಹೊರಗೆ ಬರೋ ದಾರಿ ಸಿಗದೆ ಕೆಲವರು ಕಿಟಕಿಯಿಂದ ಹಾರಿದ್ರು. ಆಗ ನಾನು ಅಲ್ಲೇ ಒಂದು ಕಿಲೋಮೀಟರ್ ದೂರದ ಆಫೀಸಲ್ಲಿದ್ದೆ, ಹೊಗೆ ನೋಡಿದೀನಿ. ಇಷ್ಟು ವರ್ಷ ಆದ್ಮೇಲೆ ನಮ್ಮ ಬಿಲ್ಡಿಂಗಲ್ಲೇ ಫೈರ್ ಡೋರಿಗೆ ಇಟ್ಟಿಗೆ ನೋಡಿ ನಿಜವಾಗ್ಲೂ ಕೈ ನಡುಗ್ತು.

ಹಳೇಪೇಟೆ · 10:15
ಕಾರ್ಲ್ಟನ್‌ಗಿಂತ ಮುಂಚೆ ವೀನಸ್ ಸರ್ಕಸ್ ಆಗಿತ್ತು ಬೆಂಗಳೂರಲ್ಲೇ, 1981ರ ಫೆಬ್ರವರಿ. 92 ಜನ, ಬಹುತೇಕ ಮಕ್ಕಳು. ನಾನಾಗ ಆರನೇ ಕ್ಲಾಸು. ಆಮೇಲೆ ಎಷ್ಟೋ ವರ್ಷ ಅಮ್ಮ ನಮ್ಮನ್ನ ಯಾವ ಟೆಂಟಿನ ಒಳಗೂ ಬಿಡ್ಲಿಲ್ಲ. ಈಗ್ಲೂ ಮದುವೆಗೆ ಹೋದ್ರೆ ಶಾಮಿಯಾನದ ಪಕ್ಕದಲ್ಲೇ ಅಡುಗೆ ಒಲೆ ಇಟ್ಟಿರ್ತಾರೆ, ನನಗೆ ಊಟ ಸೇರಲ್ಲ.

ಕುಡ್ಲದಕ್ಕ · 10:21
ಬೆಂಗ್ಳೂರಿನವ್ರೆ, ಕಿಟಕಿಗೆ ಗ್ರಿಲ್ ಹಾಕ್ತಾರಲ್ಲ ಪೂರ್ತಿ ಬೆಸುಗೆ ಮಾಡಿ, ಅದರ ಬಗ್ಗೆ ಕೂಡ ಬರೀರಿ ಮಾರಾಯ್ರೆ. ಕಳ್ಳ ಒಳಗೆ ಬರ್ಬಾರ್ದು ಅಂತ ಹಾಕಿದ್ದರಿಂದ ನಾವೇ ಹೊರಗೆ ಬರ್ಲಿಕ್ಕೆ ಆಗುದಿಲ್ಲ. ಒಂದು ಕಿಟಕಿಗಾದ್ರೂ ಒಳಗಿಂದ ತೆಗೆಯುವ ಗ್ರಿಲ್ ಬೇಕು, ಕೀ ಅಲ್ಲಿಯೇ ನೇತು ಹಾಕಿರ್ಬೇಕು.

ನಿವೃತ್ತ ಠಾಣೆ · 10:30
ಅಕ್ಕ ಹೇಳಿದ್ದು ನೂರಕ್ಕೆ ನೂರು. ನಾವು ಗ್ರಿಲ್ ಕತ್ತರಿಸ್ತಾ ನಿಂತಾಗ ಒಳಗಿಂದ ಕೈ ಹೊರಗೆ ಬಂದಿರುತ್ತೆ, ನಮ್ಮ ಅಂಗಿ ಹಿಡ್ಕೊಂಡಿರುತ್ತೆ. ಅದನ್ನ ಎರಡು ಸಲ ನೋಡಿದೀನಿ, ಒಂದು ಸಲ ಉಳಿಸಿದ್ವಿ.

ಬೆಂಕಿಯಲ್ಲಿ ಸಾಯೋರು ಬಹಳಷ್ಟು ಜನ ಸುಟ್ಟು ಸಾಯಲ್ಲ, ಹೊಗೆ ಕುಡಿದು ಸಾಯ್ತಾರೆ. ಹೊಗೆ ಮೇಲೆ ಏರುತ್ತೆ, ನೆಲದ ಹತ್ತಿರ ಒಂದೂವರೆ ಎರಡು ಅಡಿ ಉಸಿರಾಡೋ ಗಾಳಿ ಉಳಿದಿರುತ್ತೆ. ಹಾಗಾಗಿ ತೆವಳಿ. ಲಿಫ್ಟ್ ಬೇಡ. ಹೊರಗೆ ಹೋಗೋಕೆ ಆಗಲ್ವಾ, ಬಾಗ್ಲು ಮುಚ್ಚಿ, ಅಡಿಯ ಸಂದಿಗೆ ಒದ್ದೆ ಬಟ್ಟೆ ತುರುಕಿ, ಕಿಟಕಿಯಲ್ಲಿ ನಿಂತು ಬಟ್ಟೆ ಬೀಸಿ. ಮುಚ್ಚಿದ ಒಂದು ಮರದ ಬಾಗ್ಲು ಎಷ್ಟು ಹೊತ್ತು ಕಾಪಾಡುತ್ತೆ ಅಂತ ಜನಕ್ಕೆ ಅಂದಾಜೇ ಇಲ್ಲ.

ಖಾಲಿಸೈಟು · 10:33
ಎತ್ತರದ ಬಿಲ್ಡಿಂಗಿಗೆ ಏಣಿ ಗಾಡಿ ಇದ್ಯಲ್ಲ, 90 ಮೀಟರ್‌ದು ಬಂದಿದೆ ಅಂತ ಪೇಪರಲ್ಲಿ ಓದಿದ್ದೆ.

ಬೆಂಗ್ಳೂರ್ ಬಾಲ್ಕನಿ · 10:36
ಇದೆ. ಆದ್ರೆ ಅದು ನಿಲ್ಲೋಕೆ ಜಾಗ ಬೇಕು, ಕಾಲು ಚಾಚೋಕೆ ಜಾಗ ಬೇಕು, ಅಡಿ ನೆಲ ಅಷ್ಟು ಭಾರ ತಡೀಬೇಕು. ನಮ್ಮಲ್ಲಿ ಸುತ್ತ ಬಿಡಬೇಕಾದ ಜಾಗದಲ್ಲಿ ವಿಸಿಟರ್ ಪಾರ್ಕಿಂಗ್ ಗೆರೆ ಎಳೆದಿದ್ದಾರೆ. ಪೇಟೆ ಗಲ್ಲಿಗಳಲ್ಲಿ ಅಂತೂ ಆಟೋ ಹೋಗೋದೇ ಕಷ್ಟ.

ಹಳೇಪೇಟೆ · 10:38
ಹೌದು. ನಮ್ಮ ಗಲ್ಲಿಗೆ ನೀರನ್ನ ಮಂಜಿನ ಥರ ಚಿಮ್ಮಿಸೋ ಮಿಸ್ಟ್ ಸಿಸ್ಟಂ ಇರೋ ಬೈಕ್ ಬರಬೇಕು ಅಷ್ಟೇ, ಬೇರೆ ದಾರಿ ಇಲ್ಲ. ಕೆಳಗೆ ಗೋಡೌನು, ಮೇಲೆ ಕೆಲಸದ ಹುಡುಗರ ವಾಸ, ಮೆಟ್ಟಿಲು ಒಂದೇ.

ಅಡುಗೆಮನೆ · 10:47
ಹೆಂಗಸರು ಓದ್ತಿದ್ರೆ ನನ್ನದೊಂದು ಅನುಭವ. ದೀಪಾವಳಿಗೆ ಕಜ್ಜಾಯ ಮಾಡ್ತಿದ್ದೆ, ಬಾಗಿಲಲ್ಲಿ ಯಾರೋ ಕರೆದ್ರು ಅಂತ ಹೋದೆ, ಬರೋದ್ರೊಳಗೆ ಬಾಣಲೆ ಎಣ್ಣೆ ಹೊತ್ಕೊಂಡಿತ್ತು. ಅತ್ತೆ ಚೊಂಬಲ್ಲಿ ನೀರು ಹಿಡ್ಕೊಂಡು ಓಡಿ ಬಂದ್ರು. ಹೇಗೆ ತಡೆದೆನೋ ಗೊತ್ತಿಲ್ಲ, ಅವರ ಕೈ ತಳ್ಳಿ ಗ್ಯಾಸ್ ಆಫ್ ಮಾಡಿ, ಚಪಾತಿ ಹಿಟ್ಟಿನ ದೊಡ್ಡ ಸ್ಟೀಲ್ ತಟ್ಟೆ ಪಕ್ಕದಿಂದ ಜಾರಿಸಿ ಮುಚ್ಚಿಬಿಟ್ಟೆ. ಅರ್ಧ ನಿಮಿಷ ಒಳಗೆ ಬುಸುಬುಸು ಅಂದು ತಣ್ಣಗಾಯ್ತು. ಇದು ನಂಗೆ ಗೊತ್ತಿದ್ದು ಹೇಗಂದ್ರೆ, ಹೈಸ್ಕೂಲಲ್ಲಿ ಫೈರ್‌ನವರು ಬಂದು ಗ್ರೌಂಡಲ್ಲಿ ಬಾಣಲೆ ಇಟ್ಟು ಉರಿಯೋ ಎಣ್ಣೆಗೆ ಉದ್ದ ಕೋಲಿಗೆ ಕಟ್ಟಿದ ಮಗ್ಗಲ್ಲಿ ನೀರು ಸುರಿದು ತೋರಿಸಿದ್ರು. ಜ್ವಾಲೆ ಧ್ವಜದ ಕಂಬದಷ್ಟು ಎತ್ತರ ಎದ್ದಿತ್ತು. ಇಪ್ಪತ್ತು ವರ್ಷ ಆದ್ರೂ ಮರೆತಿಲ್ಲ.

ನಿವೃತ್ತ ಠಾಣೆ · 10:55
ತಾಯಿ, ಇದನ್ನ ಓದಿ ಕಣ್ಣು ಒದ್ದೆ ಆಯ್ತು. ಅಂಥ ಡೆಮೋ ನಾನೂ ನೂರಾರು ಕೊಟ್ಟಿದೀನಿ, ಕೇಳ್ತಿದ್ದ ಮಕ್ಕಳಿಗೆ ನೆನಪಿರುತ್ತೋ ಇಲ್ವೋ ಅನ್ಸೋದು. ನೀರು ಎಣ್ಣೆಗಿಂತ ಭಾರ, ತಳಕ್ಕೆ ಇಳಿಯುತ್ತೆ, ಅಲ್ಲಿ ಕ್ಷಣದಲ್ಲಿ ಆವಿ ಆಗಿ ಸಾವಿರದೇಳುನೂರು ಪಟ್ಟು ಹಿಗ್ಗುತ್ತೆ, ಉರಿಯೋ ಎಣ್ಣೆಯನ್ನೆಲ್ಲ ಮೇಲಕ್ಕೆ ಎರಚುತ್ತೆ. ಮುಚ್ಚಿದ ತಟ್ಟೆಯನ್ನ ತಣ್ಣಗಾಗೋ ತನಕ ತೆಗೀಬಾರ್ದು, ಬೇಗ ತೆಗೆದ್ರೆ ಮತ್ತೆ ಹೊತ್ಕೊಳುತ್ತೆ.

ಮಂಡ್ಯಬೆಲ್ಲ · 10:58
ಸಿಲಿಂಡರ್‌ಗೆ ಹೊತ್ಕೊಂಡ್ರೆ ಒದ್ದೆ ಗೋಣಿಚೀಲ ಹಾಕಿ ಬೆಂಕಿ ಆರಿಸ್ಬೇಕು ಅಂತಾರಲ್ಲ, ಅದು ಸರೀನಾ?

ನಿವೃತ್ತ ಠಾಣೆ · 11:06
ಅರ್ಧ ಸರಿ. ಗೋಣಿ ಹಾಕೋದು ಕೈ ಸುಡದ ಹಾಗೆ ವಾಲ್ವ್ ತಲುಪಿ ಬಂದ್ ಮಾಡೋಕೆ. ಬೆಂಕಿ ಆರಿಸಿ ಗ್ಯಾಸ್ ಬಂದ್ ಮಾಡ್ಲಿಲ್ಲ ಅಂದ್ರೆ ಅದು ಇನ್ನೂ ಅಪಾಯ. ಉರೀತಿದ್ದ ಗ್ಯಾಸು ಈಗ ಉರಿಯದೆ ರೂಮಲ್ಲಿ ತುಂಬ್ಕೊಳುತ್ತೆ, ಎಲ್ಲೋ ಒಂದು ಕಿಡಿಗೆ ಗೋಡೆ ಸಮೇತ ಹೋಗುತ್ತೆ. ವಾಲ್ವ್ ತಲುಪೋಕೆ ಆಗಲ್ಲ ಅನ್ಸಿದ್ರೆ ಎಲ್ರನ್ನೂ ಕರ್ಕೊಂಡು ಆಚೆ ಬನ್ನಿ, ಸಿಲಿಂಡರ್ ತಣ್ಣಗಿಡೋ ಕೆಲಸ ನಮಗೆ ಬಿಡಿ.

ಬರೀ ವಾಸನೆ ಬಂದ್ರೆ ಸ್ವಿಚ್ ಮುಟ್ಟಲೇಬೇಡಿ, ಆನ್ ಇದ್ರೆ ಆನ್ ಇರ್ಲಿ ಆಫ್ ಇದ್ರೆ ಆಫ್ ಇರ್ಲಿ, ಫ್ಯಾನ್ ಹಾಕಿ ಗ್ಯಾಸ್ ಓಡಿಸೋಕೆ ಹೋದವರ ಮನೆಗೆ ನಾವು ಎಷ್ಟೋ ಸಲ ಹೋಗಿದೀವಿ. ರೆಗ್ಯುಲೇಟರ್ ಬಂದ್ ಮಾಡಿ ಕಿಟಕಿ ಬಾಗ್ಲು ತೆಗೀರಿ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದಲ್ಲಿ ಹರಡಿರುತ್ತೆ. ಅದಕ್ಕೆ ಸ್ವಂತ ವಾಸನೆ ಇಲ್ಲ, ಸೋರಿದ್ದು ಗೊತ್ತಾಗ್ಲಿ ಅಂತ್ಲೇ ಮರ್‌ಕ್ಯಾಪ್ಟನ್ ಅನ್ನೋ ಕೆಟ್ಟ ವಾಸನೆಯ ರಾಸಾಯನಿಕ ಬೆರೆಸ್ತಾರೆ. ಸೋರಿಕೆಗೆ ಅಂತ್ಲೇ 1906 ನಂಬರ್ ಇದೆ, ಬರೆದಿಟ್ಕೊಳಿ. ಕಿತ್ತಳೆ ಬಣ್ಣದ ಸುರಕ್ಷಾ ಪೈಪು ಐದು ವರ್ಷಕ್ಕೊಮ್ಮೆ ಬದಲಾಯಿಸಿ, ಮೇಲೆ ವರ್ಷ ಅಚ್ಚು ಹಾಕಿರುತ್ತೆ, ಈಗಲೇ ಎದ್ದು ಹೋಗಿ ನೋಡಿ.

ಸುಗ್ಗಿ · 11:11
ನೋಡ್ದೆ. 2017. ನಾಳೆ ಬೆಳಿಗ್ಗೆ ಫಸ್ಟ್ ಕೆಲಸ ಅದೇ.

ಹುದ್ದೆ ಬೇಕು · 11:13
ಸಾರ್ ಫೈರ್‌ಮ್ಯಾನ್ ನೇಮಕಾತಿ ಮುಂದಿನದು ಯಾವಾಗ? ಎಸ್ಸೆಸ್ಸೆಲ್ಸಿ ಆಗಿದೆ, ಹೈಟ್ ಇದೆ, ಓಟ ಪ್ರಾಕ್ಟೀಸ್ ಮಾಡ್ತಿದೀನಿ.

ನಿವೃತ್ತ ಠಾಣೆ · 11:17
ಇಲಾಖೆ ವೆಬ್‌ಸೈಟ್ ನೋಡ್ತಾ ಇರಪ್ಪ, ಮಧ್ಯವರ್ತಿಗಳಿಗೆ ಒಂದು ರೂಪಾಯಿ ಕೊಡ್ಬೇಡ. ಓಟದ ಜೊತೆ ಹಗ್ಗ ಹತ್ತೋದು, ಈಜು ಕಲಿ. ಸೆಲೆಕ್ಷನ್ ಆದ್ರೆ ಬನ್ನೇರುಘಟ್ಟ ರಸ್ತೆಯ ಆರ್.ಎ. ಮುಂಡ್ಕೂರ್ ಅಕಾಡೆಮಿ ಕಡೆ ಹೋಗ್ತೀಯ, ಅಲ್ಲಿ ಎಲ್ಲಾ ಕಲಿಸ್ತಾರೆ, ಧೈರ್ಯ ಮಾತ್ರ ಮನೆಯಿಂದ ತಗೊಂಡು ಹೋಗು.

ಬೆಳಗಿನಜಾವ · 11:24
ನಮ್ಮನೆಯವ್ರು ಈಗ ಸರ್ವಿಸಲ್ಲಿದಾರೆ, ಅದಕ್ಕೆ ಊರು ಹೇಳಲ್ಲ. ಮೇಲೆ "ಬೂದಿ ಆದ್ಮೇಲೆ ಬರ್ತಾರೆ" ಅಂತ ಬರೆದ ಅಣ್ಣನಿಗೆ ಒಂದು ಮಾತು. ಫೆಬ್ರವರಿಯಿಂದ ಏಪ್ರಿಲ್ ತನಕ ಅವರು ಮನೇಲಿ ಒಂದು ಹೊತ್ತು ಸರಿಯಾಗಿ ಉಂಡಿದ್ದು ನೋಡಿಲ್ಲ. ಒಂದು ಬಣವೆ ಕಾಲ್ ಮುಗಿಸಿ ಬರ್ತಿದ್ದ ಹಾಗೆ ದಾರಿಯಲ್ಲೇ ಇನ್ನೊಂದು. ಯೂನಿಫಾರ್ಮ್ ಮೂರು ಸಲ ಒಗೆದ್ರೂ ಹೊಗೆ ವಾಸನೆ ಹೋಗಲ್ಲ, ಬೆಳಿಗ್ಗೆ ಕೆಮ್ಮಿದ್ರೆ ಕಪ್ಪು ಕಫ. ಮಗಳು ಚಿಕ್ಕವಳಿದ್ದಾಗ ಅಪ್ಪನ ವಾಸನೆ ಅಂದ್ರೆ ಅದೇ ಅಂದ್ಕೊಂಡಿದ್ಲು.

ಮತ್ತೆ ಸುಳ್ಳು ಕಾಲ್. ಮಕ್ಕಳು ಆಟಕ್ಕೆ ಫೋನ್ ಮಾಡ್ತವೆ. ಒಂದು ಠಾಣೆಗೆ ಇರೋದೇ ಒಂದೋ ಎರಡೋ ಗಾಡಿ, ಸುಳ್ಳು ಕಾಲಿಗೆ ಒಂದು ಹೋದ್ರೆ ನಿಜವಾದ ಬೆಂಕಿಗೆ ಪಕ್ಕದ ತಾಲ್ಲೂಕಿಂದ ಬರಬೇಕು. ಹೋದ ಕಡೆ ಜನ ಹೋಸ್ ಮೇಲೆ ಬೈಕ್ ಓಡಿಸ್ತಾರೆ, ಅಡ್ಡ ನಿಂತು ವಿಡಿಯೋ ಮಾಡ್ತಾರೆ.

ಮಂಡ್ಯಬೆಲ್ಲ · 11:30
ಅಕ್ಕಾ ತಪ್ಪಾಯ್ತು. ಸಿಟ್ಟಲ್ಲಿ ಬರೆದೆ. ಆದ್ರೂ ನನ್ನ ಪ್ರಶ್ನೆ ಇಲಾಖೆ ಮೇಲಿನವರಿಗೆ, ಹೊಸ ತಾಲ್ಲೂಕು ಅಂತ ಬೋರ್ಡ್ ಹಾಕಿದ್ರಲ್ಲ, ಎಲ್ಲಾ ಕಡೆ ತಾಲ್ಲೂಕು ಕಚೇರಿ ಬರುತ್ತೆ, ಫೈರ್ ಸ್ಟೇಷನ್ ಯಾಕೆ ಜೊತೆಗೇ ಬರಲ್ಲ? ನಿಮ್ಮನೆಯವರಂಥ ಹತ್ತು ಜನ ಎಷ್ಟು ಊರಿಗೆ ಓಡಬೇಕು?

ಬೆಳಗಿನಜಾವ · 11:32
ಅದು ಸರಿಯಾದ ಪ್ರಶ್ನೆ ಅಣ್ಣ. ಅದನ್ನ ಜೋರಾಗಿ ಕೇಳಿ.

ಮಲ್ನಾಡ್ ಬ್ಯಾಣ · ಬೆಳಿಗ್ಗೆ 6:50
ನಮ್ಮಲ್ಲಿ ಫೈರ್ ಇಂಜಿನ್ ಬರೋಕೆ ದಾರಿನೇ ಇಲ್ಲ ಮಾರಾಯ್ರೆ, ಸೊಪ್ಪಿನಬೆಟ್ಟಕ್ಕೆ (ತೋಟಕ್ಕೆ ಸೊಪ್ಪು ತರೋ ಕಾಡು) ಬೆಂಕಿ ಬಿದ್ರೆ ಹಸಿ ಸೊಪ್ಪಿನ ಗೆಲ್ಲು ಮುರ್ಕೊಂಡು ಬಡಿಯೋದೇ. ಅಜ್ಜನ ಕಾಲದಿಂದ ಸುಗ್ಗಿ ಮುಗೀತಿದ್ದ ಹಾಗೆ ತೋಟದ ಸುತ್ತ ಒಣ ದರಗು ಗುಡಿಸಿ ಎಂಟು ಹತ್ತು ಅಡಿ ಅಗಲ ಬರೀ ಮಣ್ಣು ಕಾಣೋ ಹಾಗೆ ಮಾಡ್ತಿದ್ರು. ಅರಣ್ಯ ಇಲಾಖೆಯವ್ರು ಬೆಂಕಿ ರೇಖೆ ಅಂತಾರಲ್ಲ, ಅದೇ. ಕೊಬ್ರಿನಾಡು ಅವ್ರೆ, ನಿಮ್ಮ ಬಣವೆ ಸುತ್ತ ಆ ಥರ ಬರೀನೆಲ ಇತ್ತಾ?

2019ರ ಫೆಬ್ರವರಿ ಬಂಡೀಪುರದ ಬೆಂಕಿಗೆ ವಾಯುಸೇನೆ ಹೆಲಿಕಾಪ್ಟರ್‌ನಲ್ಲಿ ನೀರು ತಂದು ಸುರಿದ್ರು, ಟಿವಿಯಲ್ಲಿ ಎಲ್ರೂ ನೋಡಿದ್ದು ಅದನ್ನ. ಆದ್ರೆ ನೆಲದ ಮೇಲೆ ಗೆಲ್ಲು ಹಿಡಿದು ಬಡಿದವ್ರು ವಾಚರ್‌ಗಳು, ದಿನಗೂಲಿ ಹುಡುಗ್ರು, ಸುತ್ತಮುತ್ತಲ ಹಾಡಿಯವ್ರು. ಅದಕ್ಕೂ ಎರಡು ವರ್ಷ ಮೊದ್ಲು, 2017ರಲ್ಲಿ, ಅಲ್ಲೇ ಒಬ್ರು ಅರಣ್ಯ ರಕ್ಷಕರು ಬೆಂಕಿ ಆರಿಸೋಕೆ ಹೋಗಿ ಸುಟ್ಟು ಹೋದ್ರು.

ಕೊಬ್ರಿನಾಡು · 7:10
ಬಣವೆ ಸುತ್ತ ಬರೀನೆಲ ಇರ್ಲಿಲ್ಲ. ಬದುವಿನ ಹುಲ್ಲು ಬಣವೆ ಬುಡದ ತನಕ ಇತ್ತು. ನಮ್ಮ ತಾತ ಇದ್ದಾಗ ಕಣದ ಸುತ್ತ ಕೆತ್ತಿಸ್ತಿದ್ರು, ನಾವು ಬಿಟ್ವಿ.

ಕುಡ್ಲದಕ್ಕ · 7:34
ಬೆಂಕಿ ಮಾತ್ರ ಅಲ್ಲ, ಈ ಫೈರಿನವರು ಬಾವಿ ಕೆಲಸ ಕೂಡ ಮಾಡ್ತಾರೆ. ನಮ್ಮ ಕಡೆ ಪ್ರತಿ ಬೇಸಿಗೆಗೆ ಇದೇ ಸುದ್ದಿ, ಬಾವಿ ಕೆಸರು ತೆಗೀಲಿಕ್ಕೆ ಒಬ್ಬ ಇಳಿದ, ಮೇಲೆ ಬರ್ಲಿಲ್ಲ, ಅವನನ್ನು ನೋಡ್ಲಿಕ್ಕೆ ಇನ್ನೊಬ್ಬ ಇಳಿದ, ಅವನೂ ಬರ್ಲಿಲ್ಲ. ನಮ್ಮ ಹತ್ತಿರದ ಒಂದು ಮನೆಯಲ್ಲಿ ಅಣ್ಣ ತಮ್ಮ ಇಬ್ಬರೂ ಹಾಗೆ ಹೋದದ್ದು. ಫೈರಿನವರು ಬಂದು ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಇಳಿದ್ರು. ಅಡಿಯಲ್ಲಿ ಉಸಿರಾಡುವ ಗಾಳಿಯೇ ಇರ್ಲಿಲ್ಲವಂತೆ.

ನಿವೃತ್ತ ಠಾಣೆ · 7:50
ಆ ಸಿಲಿಂಡರಿಗೆ ಬಿ.ಎ. ಸೆಟ್ ಅಂತೀವಿ. ಒಳಗೆ ಇರೋದು ಒತ್ತಿ ತುಂಬಿದ ಗಾಳಿ, ಕೆಲಸ ಮಾಡ್ತಾ ಇದ್ರೆ ಅರ್ಧ ಗಂಟೆ ಮೇಲೆ ಸ್ವಲ್ಪ ಬರುತ್ತೆ. ಮುಗಿಯೋ ಹೊತ್ತಿಗೆ ತಾನೇ ಸೀಟಿ ಹೊಡೆಯುತ್ತೆ. ಹೊಗೆ ತುಂಬಿದ ಗೋಡೌನ್ ಒಳಗೆ, ಕಣ್ಣು ಕಾಣ್ತಿಲ್ಲ, ಗೋಡೆ ಮುಟ್ಕೊಂಡು ಹೋಗ್ತಿರ್ತೀರ, ಆಗ ಜೊತೆಯವನ ಸೀಟಿ ಹೊಡ್ಕೊಳುತ್ತೆ. ವಾಪಸ್ ಬರಲೇಬೇಕು. ಇನ್ನೊಂದು ಹೆಜ್ಜೆ ಮುಂದೆ ಯಾರೋ ಬಿದ್ದಿದಾರೇನೋ ಅಂತ ಮನಸ್ಸು ಎಳೆಯುತ್ತೆ, ಆದ್ರೂ ಬರಲೇಬೇಕು. ಆ ಸೀಟಿ ಶಬ್ದ ನನಗೆ ಈಗ್ಲೂ ಕನಸಲ್ಲಿ ಬರುತ್ತೆ.

ರೈನ್ ದಂಡೆ · 8:15
ನಾನು ಹಾಸನದವನು, ಈಗ ಜರ್ಮನಿಯ ಒಂದು ಸಣ್ಣ ಊರಲ್ಲಿದೀನಿ. ಇಲ್ಲಿ ದೊಡ್ಡ ಸಿಟಿಗಳಿಗೆ ಮಾತ್ರ ಸಂಬಳದ ಫೈರ್‌ನವರು, ಮಿಕ್ಕ ಊರುಗಳಲ್ಲೆಲ್ಲ ಊರವರದ್ದೇ ಪಡೆ. ನಮ್ಮ ಬೇಕರಿಯವನು, ಮರಗೆಲಸದವನು, ಶಾಲೆ ಟೀಚರಮ್ಮ ಎಲ್ಲ ಅದರಲ್ಲಿದಾರೆ. ಪೇಜರ್ ಕೂಗಿದ ತಕ್ಷಣ ಕೈಯಲ್ಲಿದ್ದ ಕೆಲಸ ಬಿಟ್ಟು ಓಡ್ತಾರೆ, ಕೆಲಸ ಕೊಟ್ಟವರು ತಡೆಯೋ ಹಾಗಿಲ್ಲ, ಸಂಬಳ ಕಟ್ ಮಾಡೋ ಹಾಗಿಲ್ಲ, ಅದು ಕಾನೂನು. ಮಕ್ಕಳದ್ದೂ ಒಂದು ಪಡೆ ಇದೆ, ನನ್ನ ಮಗ ಸೇರಿದಾನೆ, ಹೋಸ್ ಸುತ್ತೋದು ನನಗಿಂತ ಚೆನ್ನಾಗಿ ಬರುತ್ತೆ. ನಮ್ಮ ಹಳ್ಳಿಗಳಲ್ಲಿ ಹೋಬಳಿಗೊಂದು ಇಂಥದ್ದು ಯಾಕಾಗ್ಬಾರ್ದು? ಟ್ರ್ಯಾಕ್ಟರ್ ಇದೆ, ನೀರಿನ ಟ್ಯಾಂಕರ್ ಇದೆ, ಹುಡುಗರಿದಾರೆ.

ಖಾಲಿಸೈಟು · 8:21
ಅಲ್ಲಿಯ ಕಥೆ ಇಲ್ಲಿ ನಡೆಯಲ್ಲ ಸಾರ್. ಬಿದ್ದು ಕೈಕಾಲು ಮುರ್ಕೊಂಡ್ರೆ ಇನ್ಶೂರೆನ್ಸ್ ಯಾರು ಕೊಡ್ತಾರೆ? ಎರಡನೇ ತಿಂಗಳಿಗೆ ರಾಜಕೀಯ ಶುರು ಆಗುತ್ತೆ, ಟ್ಯಾಂಕರ್ ಯಾರ ಹೆಸರಲ್ಲಿ ಅಂತ.

ಜೋಳದರೊಟ್ಟಿ · 8:29
ಯಾಕ್ ನಡಿಯೂದಿಲ್ರಿ? ಜಾತ್ರಿ ಮಾಡಾಕ ನಡೀತೈತಿ, ಗಣಪತಿ ಕೂಡ್ಸಾಕ ನಡೀತೈತಿ. ನಮ್ಮೂರಾಗ ಈಗ ಔಷಧ ಹೊಡಿಯೂ ಟ್ರ್ಯಾಕ್ಟರ್ ಪಂಪ್ ಎರಡ್ ಅದಾವು, ಬ್ಯಾಸಿಗಿ ಮೂರು ತಿಂಗಳ ಅವಕ್ಕ ನೀರ್ ತುಂಬಿ ನಿಲ್ಲಿಸಿರ್ತೀವಿ. ದೊಡ್ಡ ಬೆಂಕಿ ಆರೂದಿಲ್ಲ, ಖರೆ. ಆದ್ರ ಬಾಜೂ ಬಣವಿ ತೋಯ್ಸಿ ಉಳಿಸ್ಕೊಳ್ಳಾಕ ಸಾಕಾಗ್ತೈತಿ.

ನಿವೃತ್ತ ಠಾಣೆ · 8:40
ಜೋಳದರೊಟ್ಟಿ ಅವರು ಹೇಳಿದ್ದೇ ನಾನು 31 ವರ್ಷ ಹೇಳ್ಕೊಂಡು ಬಂದಿದ್ದು. ಹತ್ತಿದ ಬಣವೆ ಬಿಡಿ, ಹತ್ತದೇ ಇರೋದನ್ನ ನೆನೆಸಿ. ನಾವು ಬಂದು ಮಾಡೋದೂ ಮೊದ್ಲು ಅದನ್ನೇ. ಮೂರು ಬಣವೆ ಒಂದೇ ಸಾಲಲ್ಲಿ ಅಂಟಿಸಿ ಒಟ್ಟಬೇಡಿ, ಮಧ್ಯೆ ಜಾಗ ಬಿಡಿ, ಕೊಟ್ಟಿಗೆಗೆ ತಾಗಿಸ್ಬೇಡಿ, ಲೈನ್ ಕೆಳಗೆ ಬೇಡ.

ಇ-ಗಾಡಿ · 8:52
ಎಲೆಕ್ಟ್ರಿಕ್ ಸ್ಕೂಟರ್ ಬೆಂಕಿ ಬಗ್ಗೆ ಯಾರಾದ್ರೂ ಹೇಳಿ. ರಾತ್ರಿ ಮೆಟ್ಟಿಲ ಕೆಳಗೆ ಚಾರ್ಜ್‌ಗೆ ಹಾಕ್ತೀನಿ. ಮರಳು ಬಕೆಟ್ ಇಟ್ರೆ ಸಾಕಾ?

ನಿವೃತ್ತ ಠಾಣೆ · 9:03
ಮೆಟ್ಟಿಲ ಕೆಳಗೆ ದಯವಿಟ್ಟು ಬೇಡ. ಹೊತ್ಕೊಂಡ್ರೆ ಹೊಗೆ ಸೀದಾ ಮೆಟ್ಟಿಲು ಹತ್ತುತ್ತೆ, ಮೇಲಿನವರು ಇಳಿಯೋ ದಾರಿ ಅದೊಂದೇ. ಲಿಥಿಯಂ ಬ್ಯಾಟರಿಗೆ ಗಾಳಿ ತಪ್ಪಿಸಿದ್ರೆ ಸಾಲ್ದು, ಒಳಗೇ ಬಿಸಿ ಹುಟ್ಟಿ ಒಂದು ಸೆಲ್ಲಿಂದ ಇನ್ನೊಂದಕ್ಕೆ ಹೋಗುತ್ತೆ. ಅದಕ್ಕೆ ಬೇಕಾದ್ದು ತಂಪು, ಅಂದ್ರೆ ನೀರು, ತುಂಬಾ ನೀರು. ಆರಿದ ಹಾಗೆ ಕಂಡು ಗಂಟೆಗಳಾದ್ಮೇಲೆ ಮತ್ತೆ ಹೊತ್ಕೊಳ್ಳಬಹುದು. ನೀವಾಗಿ ಆರಿಸೋಕೆ ನಿಲ್ಬೇಡಿ, ಆಚೆ ಬನ್ನಿ.

ಟೀಚರ್ ಶಿರಸಿ · 9:20
ನಾನು ಸರ್ಕಾರಿ ಹೈಸ್ಕೂಲ್ ಶಿಕ್ಷಕಿ. ಅಡುಗೆಮನೆ ಅವರ ಬಾಣಲೆ ಕಥೆ ಓದಿ ಒಂದು ಹೇಳ್ಬೇಕು ಅನ್ನಿಸ್ತು. ಅಗ್ನಿಶಾಮಕ ಸೇವಾ ಸಪ್ತಾಹ ಏಪ್ರಿಲ್ 14ರಿಂದ 20. 1944ರ ಏಪ್ರಿಲ್ 14ಕ್ಕೆ ಮುಂಬೈ ಬಂದರಲ್ಲಿ ಫೋರ್ಟ್ ಸ್ಟಿಕಿನ್ ಹಡಗು ಸ್ಫೋಟ ಆಗಿ ಬೆಂಕಿ ಆರಿಸ್ತಿದ್ದ 66 ಸಿಬ್ಬಂದಿ ತೀರ್ಕೊಂಡ್ರು, ಆ ಹಡಗಲ್ಲಿ ಹತ್ತಿ ಬೇಲು, ಸ್ಫೋಟಕ ಎರಡೂ ಇದ್ವು. ಅವರ ನೆನಪಿಗೆ ಆ ದಿನ, ಅದು ಸರಿಯೇ. ಆದ್ರೆ ನಮ್ಮ ರಾಜ್ಯದಲ್ಲಿ ಆ ಹೊತ್ತಿಗೆ ಶಾಲೆಗೆ ಬೇಸಿಗೆ ರಜಾ! ಮಕ್ಕಳು ಅಜ್ಜಿ ಮನೆಯಲ್ಲಿ ಇರ್ತಾರೆ. ಹಾಗಾಗಿ ನಮ್ಮ ಶಾಲೆಗೆ ಎಷ್ಟೋ ವರ್ಷದಿಂದ ಒಂದು ಡೆಮೋ ಆಗಿಲ್ಲ. ಜನವರಿ ಫೆಬ್ರವರಿಯಲ್ಲೇ, ಬೆಂಕಿ ಕಾಲ ಶುರುವಾಗೋ ಮೊದ್ಲೇ, ಶಾಲೆಗಳಿಗೆ ಬರೋ ಹಾಗೆ ಆಗ್ಬೇಕು.

ನಿವೃತ್ತ ಠಾಣೆ · 9:28
ಮೇಡಂ, ನೀವು ಶಾಲೆ ಲೆಟರ್‌ಹೆಡ್‌ನಲ್ಲಿ ಠಾಣಾಧಿಕಾರಿಗೆ ಒಂದು ಪತ್ರ ಬರೀರಿ. ಕಾಲ್ ಇಲ್ದೇ ಇರೋ ದಿನ ನೋಡಿ ಖಂಡಿತ ಬರ್ತಾರೆ. ಸಪ್ತಾಹಕ್ಕೇ ಕಾಯ್ಬೇಕಿಲ್ಲ.

ಟೀಚರ್ ಶಿರಸಿ · 9:30
ಇವತ್ತೇ ಬರೀತೀನಿ.

ಕೊಬ್ರಿನಾಡು · 9:44
ಪರಿಹಾರದ ಬಗ್ಗೆ ಯಾರೂ ಹೇಳ್ಲಿಲ್ಲ.

ನಿವೃತ್ತ ಠಾಣೆ · 9:53
ಕ್ಷಮಿಸಿ, ಮಾತು ಎಲ್ಲೋ ಹೋಯ್ತು. ಠಾಣೆಗೆ ಅರ್ಜಿ ಕೊಟ್ಟು ಅಗ್ನಿ ಅವಘಡದ ವರದಿ ತಗೊಳಿ. ಪೊಲೀಸಿಗೆ ಒಂದು ದೂರು. ಎರಡನ್ನೂ ಇಟ್ಟು ತಹಶೀಲ್ದಾರ್‌ಗೆ ಅರ್ಜಿ, ಗ್ರಾಮ ಆಡಳಿತಾಧಿಕಾರಿ (ಮೊದ್ಲು ಗ್ರಾಮ ಲೆಕ್ಕಿಗರು ಅಂತಿದ್ರು) ಬಂದು ಮಹಜರು ಮಾಡ್ಲಿ, ಸುಟ್ಟ ಜಾಗ ಅಲ್ಲಿಯ ತನಕ ಗುಡಿಸ್ಬೇಡಿ, ಫೋಟೋ ಇಟ್ಕೊಳಿ. ಕೊಡೋದು ಎಷ್ಟು ಅನ್ನೋದು ಅವರ ಕೈಯಲ್ಲಿದೆ, ಆದ್ರೆ ಕಾಗದ ಇಲ್ದೆ ಯಾರೂ ಏನೂ ಕೊಡಲ್ಲ. ಬೆಂಕಿ ಆರಿಸಿದ್ದಕ್ಕೆ ಯಾರಿಗೂ ಒಂದು ಪೈಸೆ ಕೊಡ್ಬೇಕಿಲ್ಲ, ಕೇಳಿದ್ರೆ ಅದನ್ನೂ ದೂರಲ್ಲಿ ಬರೀರಿ.

ಕೊಬ್ರಿನಾಡು · ಸಂಜೆ 6:20
ಕೇಳಲಿಲ್ಲ ಸಾರ್, ಯಾರೂ ದುಡ್ಡು ಕೇಳಲಿಲ್ಲ. ಇವತ್ತು ಠಾಣೆಗೆ ಹೋಗಿದ್ದೆ. ಜಗಳ ಮಾಡೋಣ ಅಂತಲೇ ಹೋಗಿದ್ದು. ಅವತ್ತು ನಮ್ಮೂರಿಗೆ ಬಂದಿದ್ದ ಒಬ್ರು ಕೈಗೆ ಬ್ಯಾಂಡೇಜ್ ಸುತ್ಕೊಂಡು ಕೂತಿದ್ರು, ನಮ್ಮ ಬಣವೆ ಕೊಕ್ಕೆ ಹಾಕಿ ಎಳೆಯೋವಾಗ ಕೆಂಡ ಬಿದ್ದಿದ್ದಂತೆ. ನಾವು ಯಾರೂ ಗಮನಿಸೇ ಇರ್ಲಿಲ್ಲ. ಅವರೇ ಎದ್ದು, ಹಸುಗಳಿಗೆ ಮೇವು ಏನು ಮಾಡಿದ್ರಿ ಅಂತ ಕೇಳಿದ್ರು. ನನ್ನ ಬಾಯಲ್ಲಿ ಮಾತು ಬರ್ಲಿಲ್ಲ.

ವರದಿ ಕೊಡ್ತೀವಿ ಅಂದ್ರು, ಠಾಣೆಯ ಲ್ಯಾಂಡ್‌ಲೈನ್ ನಂಬರ್ ಕೊಟ್ರು, ಡೈರಿ ಗೋಡೆ ಮೇಲೆ ಹೋಬಳಿ ಸಮೇತ ಊರ ಹೆಸರು ಬರೆಸ್ತೀನಿ. ದಾರಿ ತಪ್ಪಿ ಹೋದ ಬಗ್ಗೆ ಕಂಟ್ರೋಲ್ ರೂಮಿಗೆ ಒಂದು ಅರ್ಜಿಯನ್ನೂ ಹಾಕ್ತಿದೀನಿ, ಎರಡು ಊರಿಗೆ ಒಂದೇ ಹೆಸರಿದ್ರೆ ಫೋನ್ ಎತ್ತೋರೇ ಹೋಬಳಿ ಕೇಳ್ಬೇಕು ಅಂತ. ಇನ್ನೊಂದು ಅವರೇ ಹೇಳಿದ್ದು, ನಮ್ಮೂರ ತಿರುವಲ್ಲಿ ಹುಣಸೆ ಮರದ ಕೊಂಬೆ ತಗ್ಗಾಗಿದೆ, ಗಾಡಿ ಮೇಲಿನ ಏಣಿ ಸಿಕ್ಕಿ ಅಲ್ಲೇ ಐದಾರು ನಿಮಿಷ ಹೋಯ್ತು ಅಂತ. ನೋಡ್ಕೊಂಡು ಬಂದೆ, ತೊಗಟೆ ಕಿತ್ತ ಗುರುತು ಹಾಗೇ ಇದೆ. ಅದನ್ನ ಕಡಿಯೋಕೆ ಯಾರ ಪರ್ಮಿಷನ್ ಬೇಕು? ರಸ್ತೆ ಪಕ್ಕದ ಮರ.

ಮಲ್ನಾಡ್ ಬ್ಯಾಣ · 6:41
ಪಂಚಾಯ್ತಿಗೆ ಒಂದು ಅರ್ಜಿ, ಅರಣ್ಯ ಇಲಾಖೆ ರೇಂಜ್ ಆಫೀಸಿಗೆ ಅದರದ್ದೇ ಒಂದು ಪ್ರತಿ. ಮರ ಕಡಿಯೋದಲ್ಲ, ಕೊಂಬೆ ಸವರೋದು ಅಂತ ಸ್ಪಷ್ಟ ಬರೀರಿ. ಠಾಣೆಯವರ ಕೈಲಿ ಒಂದು ಸಾಲು ಬರೆಸಿ ಲಗತ್ತಿಸಿದ್ರೆ ಬೇಗ ಆಗುತ್ತೆ.

ಜೋಳದರೊಟ್ಟಿ · 6:55
ಮೇವಿಂದು ಏನ್ ಮಾಡಿದ್ರಿ? ನಮ್ಮಲ್ಲಿ ಒಂದ ಲೋಡ್ ಕಣಕಿ ಐತಿ, ಬಾಡಿಗಿ ಹೆಂಗರ ಹೊಂದಸೋಣ. ನಂಬರ್ ಮೆಸೇಜ್ ಮಾಡ್ರಿ.